ವರ್ತನೆ ಹಾಲು, ತಿಗಳರ ತೋಟ, ಬಸವಣ್ಣನ ಪಾದದಿಂದ ಬಂದ ಹೊಳೆ



ಹೋದ ಶನಿವಾರ ಬುಟ್ಟಿ ಇಳಿಸೋಕೆ ಬಸವನಗುಡಿಗೆ ಬಂದಾಗ ಮೂರು ಮನೆಯಲ್ಲಿ ಒಂದೇ ಮಾತು ಕೇಳಿದರು. "ಏನ್ ಗೌಡ್ರೇ, ಬುಟ್ಟಿ ಹಗುರ ಆಗ್ತಾ ಇದೆಯಲ್ಲ?" ಕೇಳಿದ್ದರಲ್ಲಿ ತಪ್ಪಿಲ್ಲ. ತಿಂಗಳ ದುಡ್ಡು ಮೊದಲೇ ಕೊಟ್ಟಿರ್ತೀರಿ. ಸಂಕ್ರಾಂತಿ ಹೊತ್ತಿಗೆ ಏಳು ಕೆಜಿ ತೂಗುತ್ತಿದ್ದ ಬುಟ್ಟಿ ಈಗ ನಾಲ್ಕಕ್ಕೆ ಬಂದಿದೆ. ಹಾಲೂ ಹಾಗೇ, ಲೀಟರ್ ತಗೊಳ್ಳೋ ಮನೆಗೆ ಮುಕ್ಕಾಲು ಲೀಟರ್ ಹೋಗ್ತಿದೆ. ರಾಮನವಮಿಗೆ ಕೋಸಂಬರಿಗೆ ಅಂತ ಪ್ರತಿ ವರ್ಷ ನಲವತ್ತು ಕೆಜಿ ಸೌತೆಕಾಯಿ ಕೊಡ್ತಿದ್ದವನು ಈ ಸಲ ಹದಿನಾರು ಕೆಜಿ ಕೊಟ್ಟೆ. ಬಾಗಿಲಲ್ಲಿ ನಿಂತು "ಬಿಸಿಲು ಜಾಸ್ತಿ ಅಮ್ಮ" ಅಂದು ಬಂದುಬಿಟ್ಟೆ. ಅದು ಪೂರ್ತಿ ಉತ್ತರ ಅಲ್ಲ. ಪೂರ್ತಿ ಉತ್ತರ ಇಲ್ಲಿ ಬರೀತೀನಿ, ಸ್ವಲ್ಪ ಉದ್ದ ಆಗುತ್ತೆ.

ನಮ್ಮ ಬೋರ್‌ವೆಲ್ ಯುಗಾದಿ ಕಳೀತಿದ್ದ ಹಾಗೇ ಎರಡು ಇಂಚಿಂದ ಮುಕ್ಕಾಲು ಇಂಚಿಗೆ ಬಂತು. ಒಂದು ಗಂಟೆ ಓಡಿಸಿದರೆ ಎರಡು ಗಂಟೆ ಸುಮ್ಮನಿರಬೇಕು. ನಮ್ಮ ಜಮೀನಿಂದ ಒಂದೂವರೆ ಫರ್ಲಾಂಗು ಆಚೆ ಬೈರಮಂಗಲ ಕೆರೆಯ ನಾಲೆ ಹೋಗುತ್ತೆ. ಆ ನಾಲೆಗೆ ಬೇಸಿಗೆ ಅನ್ನೋದೇ ಇಲ್ಲ. ಊರಿನ ಬಾವಿ ಒಣಗಲಿ, ಕಟ್ಟೆ ಒಣಗಲಿ, ಅದು ಮಾತ್ರ ನೊರೆ ಕಾರ್ಕೊಂಡು ಹರೀತಾನೇ ಇರುತ್ತೆ. ಪಕ್ಕದ ಜಮೀನಿನ ದಾಯಾದಿ ತಮ್ಮ ಹೇಳಿದ, "ಅಣ್ಣ, ಪೈಪ್ ನಂದು, ಮೋಟ್ರೂ ನಂದು. ರಾತ್ರಿ ಹೊತ್ತು ಬಿಟ್ಕೊಳಪ್ಪ. ಸೊಪ್ಪಿನ ಮೇಲೆ ಯಾರಾದ್ರೂ ಹೆಸರು ಬರ್ದಿರ್ತಾರಾ?" ಅವನು ಕೆಟ್ಟವನಲ್ಲ. ನಾನು ಕಷ್ಟದಲ್ಲಿದೀನಿ ಅಂತಾನೇ ಹೇಳಿದ್ದು.

ಮೂರು ರಾತ್ರಿ ನಿದ್ದೆ ಬರಲಿಲ್ಲ. ಆ ನೀರು ಎಲ್ಲಿಂದ ಹೊರಟು ನನ್ನ ಹೊಲದ ಹತ್ತಿರ ಬಂತು ಅಂತ ಯೋಚನೆ ಮಾಡ್ತಾ ಹೋದರೆ ಅದು ನಿಮ್ಮ ಮನೆ ಬಾಗಿಲಿಗೇ ಹೋಗಿ ನಿಲ್ಲುತ್ತೆ. ಅದನ್ನ ಹೇಳಬೇಕಾದರೆ ಹಳೇ ಕಾಲದಿಂದ ಶುರು ಮಾಡಬೇಕು.

ಮೊದಲು ಹಾಲಿನ ವಿಷಯ. ಗಾಂಧಿ ಬಜಾರಿನ ಹಿಂದಿನ ಬೀದಿಯಲ್ಲಿ ನಮ್ಮ ಬುಟ್ಟಿ ತಗೊಳ್ಳೋ ಒಬ್ಬರು ಅಜ್ಜಿ ಇದ್ದಾರೆ, ಎಂಬತ್ತು ದಾಟಿದೆ. ನಾವು ನಾಲ್ಕು ಮನೆಯವರು ಸೇರಿ ಹೀಗೆ ತಿಂಗಳ ಲೆಕ್ಕದಲ್ಲಿ ಹಾಲು ತರಕಾರಿ ಕೊಡೋಕೆ ಶುರು ಮಾಡಿದಾಗ ಒಬ್ಬ ಓದಿದ ಹುಡುಗ ಬಂದು, ಇದಕ್ಕೆ ಜಪಾನಿನಲ್ಲಿ ತೇಯ್‌ಕೇಯ್ ಅಂತಾರೆ, 1970ರ ದಶಕದಿಂದ ನಡೀತಿದೆ, ಅಮೆರಿಕದಲ್ಲಿ 1986ರಲ್ಲಿ ಶುರುವಾಯ್ತು, ಸಿ.ಎಸ್.ಎ. ಅಂತಾರೆ, ಬಹಳ ಹೊಸ ಪದ್ಧತಿ ಅಂದ. ಅಜ್ಜಿ ಒಳಗಿಂದ ಕೇಳಿಸ್ಕೊಂಡು, "ಹೊಸದೇನೋ ಅದರಲ್ಲಿ? ವರ್ತನೆ ಅಲ್ವೇನೋ ಅದು" ಅಂದರು.

ಹೌದು, ವರ್ತನೆ. ಈಗಿನವರಿಗೆ ಈ ಮಾತು ನಡತೆ ಅನ್ನೋ ಅರ್ಥದಲ್ಲಿ ಮಾತ್ರ ಗೊತ್ತು. ನಮ್ಮ ಹಳೇ ಮೈಸೂರು ಕಡೆ ವರ್ತನೆ ಅಂದರೆ ದಿನಾ ತಪ್ಪದೆ ಮನೆಗೆ ತಂದು ಕೊಡೋದು, ತಿಂಗಳಿಗೊಂದು ಸಲ ಲೆಕ್ಕ ಮಾಡೋದು. ವರ್ತನೆ ಹಾಲು, ವರ್ತನೆ ಹೂವು, ವರ್ತನೆ ಸೊಪ್ಪು. ಹಾಲಿನವಳಿಗೆ ವರ್ತನೆಯವಳು ಅಂತಲೇ ಹೆಸರು. ಚಾಮರಾಜಪೇಟೆ ಬಡಾವಣೆ ಆದದ್ದು 1892ರಲ್ಲಿ. ಬಸವನಗುಡಿ, ಮಲ್ಲೇಶ್ವರ ಬೆಳೆದದ್ದು 1898ರ ಪ್ಲೇಗು ಬಂದ ಮೇಲೆ. ಪೇಟೆಯ ಇಕ್ಕಟ್ಟಿನಲ್ಲಿ ಜನ ಸಾಯೋಕೆ ಶುರುವಾದಾಗ ಊರ ಹೊರಗೆ ಅಗಲ ಬೀದಿ, ಕಾಂಪೌಂಡು, ಹಿತ್ತಲು ಇರೋ ಸೈಟುಗಳಿಗೆ ಬಂದರು. ಆಗ ಅಲ್ಲಿ ಸುತ್ತಮುತ್ತ ಇದ್ದದ್ದು ಹಳ್ಳಿಗಳೇ: ಸುಂಕೇನಹಳ್ಳಿ, ಮಾವಳ್ಳಿ, ಗುಟ್ಟಹಳ್ಳಿ. ಹೊಸ ಬಡಾವಣೆಯ ಮನೆಗಳಿಗೆ ಹಾಲು ಹೋಗ್ತಿದ್ದದ್ದು ಈ ಹಳ್ಳಿಗಳಿಂದ.

ಅಜ್ಜಿ ಹೇಳೋದು ಕೇಳಬೇಕು. ಬೆಳಗಿನ ಜಾವ ಹಸು ಹೊಡ್ಕೊಂಡು ಮನೆ ಮುಂದೆ ಬಂದು ನಿಲ್ಲೋರು. ಮನೆಯ ಹೆಂಗಸು ಹೊರಗೆ ಬಂದು ತಂಬಿಗೆ ತಲೆಕೆಳಗೆ ಮಾಡಿ ತೋರಿಸು ಅನ್ನೋರು. ತಳದಲ್ಲಿ ನೀರು ಇಲ್ಲ ಅಂತ ಗೊತ್ತಾದ ಮೇಲೆ ಕಣ್ಣ ಮುಂದೆ ಕರೆದು ಅಳೆದು ಕೊಡೋರು. ಅಳತೆ ಪಾವು, ಅಚ್ಚೇರು, ಸೇರು. ಅಳತೆ ಆದ ಮೇಲೆ ಕೊಸರು ಅಂತ ಒಂದು ಚೂರು ಹಾಕಲೇಬೇಕು. ಕರು ಸತ್ತ ಹಸು ಹಾಲು ಇಳಿಸಲ್ಲ, ಅದಕ್ಕೆ ಕರುವಿನ ಚರ್ಮಕ್ಕೆ ಹುಲ್ಲು ತುಂಬಿ ಹೆಗಲ ಮೇಲೆ ಹೊತ್ಕೊಂಡು ಬಂದು ಹಸುವಿನ ಮುಂದೆ ನಿಲ್ಲಿಸೋರಂತೆ. ಲೆಕ್ಕ ಅಡುಗೆಮನೆ ಗೋಡೆ ಮೇಲೆ ಇದ್ದಿಲಿನ ಗೀಟು. ಹಾಲು ಬಾರದ ದಿನಕ್ಕೆ ಸೊನ್ನೆ.

ದುಡ್ಡು ಅಷ್ಟೇ ಅಲ್ಲ ನಡೀತಿದ್ದದ್ದು. ಮನೆಯವರು ಅಕ್ಕಿ ತೊಳೆದ ನೀರು, ಗಂಜಿ, ತರಕಾರಿ ಸಿಪ್ಪೆ ಎಲ್ಲಾ ಒಂದು ಬಾನಿಯಲ್ಲಿ ಹಾಕಿ ಇಡೋರು. ಅದು ಕಲಗಚ್ಚು. ಅದು ವರ್ತನೆಯವಳ ಹಸುವಿಗೆ ಸೇರಿದ್ದು, ಬೇರೆಯವರಿಗೆ ಕೊಡೋ ಹಾಗಿಲ್ಲ. ಹಸು ಈದರೆ ಗಿಣ್ಣದ ಹಾಲು ಮೊದಲು ವರ್ತನೆ ಮನೆಗೆ. ಯುಗಾದಿಗೋ ದೀಪಾವಳಿಗೋ ಅವಳಿಗೆ ಒಂದು ಸೀರೆ, ಇಲ್ಲ ರವಿಕೆ ಕಣ.

ಬೇಸಿಗೆಯಲ್ಲಿ ಏನ್ ಮಾಡ್ತಿದ್ರಿ ಅಜ್ಜಿ ಅಂತ ನಾನು ಕೇಳಿದೆ. ನನಗೆ ಬೇಕಾಗಿದ್ದು ಅದು. "ಏನ್ ಮಾಡೋದು, ಫಾಲ್ಗುಣ ಚೈತ್ರದಲ್ಲಿ ಬಂದು ಹೇಳೋಳು, ಅಮ್ಮಾವ್ರೇ ಹಸು ಗಬ್ಬ ಆಗದೆ, ಬತ್ತಿಸ್ತಾ ಇವ್ನಿ, ಇನ್ನ ಎರಡು ತಿಂಗಳು ಪಾವೇ ಗತಿ ಅಂತ. ಸರಿ ಅನ್ನೋದು. ಕಾಫಿ ಒಂದೇ ಹೊತ್ತು. ಮೊಸರು ಬದಲು ನೀರು ಮಜ್ಜಿಗೆ. ಅವಳನ್ನ ಬಿಟ್ಟು ಇನ್ನೊಬ್ಬಳ ಹತ್ರ ಹೋದರೆ ಶ್ರಾವಣದಲ್ಲಿ ಇವಳು ಕೊಡ್ತಾಳೇನೋ?" ಅಂದರು.

ಇದನ್ನ ಬಹಳ ಚಂದ ಮಾಡಿ ಹೇಳಬಾರದು. ಕಣ್ಣ ಮುಂದೆ ಕರೀದೆ ಮನೆಯಿಂದ ಹಾಲು ತರೋರು ನೀರು ಬೆರೆಸ್ತಿದ್ರು, ಅದು ಎಲ್ಲರಿಗೂ ಗೊತ್ತಿತ್ತು. ಹಾಲಿನವಳು ಎಷ್ಟೇ ವರ್ಷದವಳಾದರೂ ಅವಳ ಜಾಗ ಹೊಸ್ತಿಲ ಆಚೆ, ಹಾಲು ಮೇಲಿಂದ ಹುಯ್ಯಬೇಕು, ಪಾತ್ರೆ ಮುಟ್ಟೋ ಹಾಗಿಲ್ಲ. ನಮ್ಮ ಅಜ್ಜಿ (ಇದು ನನ್ನ ತಂದೆಯ ತಾಯಿ) ಕೆಂಗೇರಿ ಕಡೆ ಹೀಗೆ ಹಾಲು ಹಾಕಿದವರೇ. ಅವರು ಆ ಮನೆಗಳ ಒಳಗೋಡೆಯ ಬಣ್ಣ ನೋಡಿದ್ದಿಲ್ಲ. ಈಗ ನನ್ನನ್ನ ಒಳಗೆ ಕರೆದು ಕಾಫಿ ಕೊಡ್ತೀರಿ. ವ್ಯತ್ಯಾಸ ಆಗಿದೆ, ಒಳ್ಳೇದಕ್ಕೇ ಆಗಿದೆ.

ಆಮೇಲೆ ಡೇರಿ ಬಂತು. ಬೆಂಗಳೂರಿಗೆ ಹಾಲಿನ ವಿದ್ಯೆ ಬಹಳ ಮುಂಚೆಯೇ ಬಂದಿತ್ತು. 1923ರಲ್ಲಿ ಆಡುಗೋಡಿಯಲ್ಲಿ ಪಶುಸಂಗೋಪನೆ ಮತ್ತು ಡೇರಿಯ ಇಂಪೀರಿಯಲ್ ಸಂಸ್ಥೆ ಶುರುವಾಯ್ತು. 1927ರಲ್ಲಿ ಗಾಂಧೀಜಿ ಮೈಗೆ ಹುಷಾರಿಲ್ಲದೆ ನಂದಿಬೆಟ್ಟದಲ್ಲಿದ್ದು ಬೆಂಗಳೂರಿಗೆ ಬಂದು ಕುಮಾರ ಪಾರ್ಕಿನಲ್ಲಿದ್ದಾಗ, ಅಲ್ಲಿಗೆ ಹೋಗಿ ಹಸು ಸಾಕೋದು ಕಲಿತರು. ಸಂದರ್ಶಕರ ಪುಸ್ತಕದಲ್ಲಿ ತಮ್ಮನ್ನ ಸಾಬರಮತಿಯ ರೈತ ಅಂತ ಬರೆದುಕೊಂಡರು ಅಂತ ಹೇಳ್ತಾರೆ. 1955ರಲ್ಲಿ ಆ ಸಂಸ್ಥೆಯ ಮುಖ್ಯ ಕಚೇರಿ ಕರ್ನಾಲ್‌ಗೆ ಹೋಯ್ತು, ಆಡುಗೋಡಿಯಲ್ಲಿ ಈಗಲೂ ಶಾಖೆ ಇದೆ. ಊರಿಗೆ ಹಾಲು ಹಂಚೋ ಬೆಂಗಳೂರು ಡೇರಿಯನ್ನ 1965ರ ಜನವರಿ 23ರಂದು ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಉದ್ಘಾಟನೆ ಮಾಡಿದರು. ಯೂನಿಸೆಫ್ ಸಹಾಯ, ದಿನಕ್ಕೆ 50,000 ಲೀಟರ್ ಸಾಮರ್ಥ್ಯ. 1974ರಲ್ಲಿ ಹಾಲು ಅಭಿವೃದ್ಧಿ ನಿಗಮ ಆಯ್ತು, ಹಳ್ಳಿ ಹಳ್ಳಿಗೆ ಸಂಘ ಬಂತು. ನಾನು ಹುಡುಗನಾಗಿದ್ದಾಗ ನಮ್ಮೂರ ಸಂಘದಲ್ಲಿ ಕ್ಯಾನ್ ಹಿಡ್ಕೊಂಡು ಸಾಲು ನಿಂತಿದ್ದೇ ನನ್ನ ಮೊದಲ ನೆನಪು.

ಡೇರಿಯಿಂದ ನಮ್ಮಂಥವರು ಬದುಕಿದೆವು, ಇದನ್ನ ಮುಚ್ಚಿಡೋ ಮಾತಿಲ್ಲ. ಫ್ಯಾಟು, ಡಿಗ್ರಿ ನೋಡಿ ದುಡ್ಡು ಕೊಟ್ಟರು. ನಮ್ಮ ಹಳ್ಳೀಕಾರ್ ಹಸು ಕರುವಿಗೆ ಬಿಟ್ಟು ಒಂದು ಲೀಟರ್ ಕೊಟ್ಟರೆ ಹೆಚ್ಚು, ಮಿಶ್ರತಳಿ ಬಂದ ಮೇಲೆ ಎಂಟು ಹತ್ತು ಲೀಟರ್ ಕಂಡೆವು. ಆದರೆ ಒಂದು ಆಯ್ತು. ಬಸವನಗುಡಿಯ ಮನೆಗೆ ಬೇಸಿಗೆ ಅನ್ನೋದೇ ಗೊತ್ತಾಗದ ಹಾಗಾಯ್ತು. ಚೈತ್ರದಲ್ಲೂ ಅಷ್ಟೇ ಹಾಲು, ಶ್ರಾವಣದಲ್ಲೂ ಅಷ್ಟೇ. ಎಲ್ಲಿ ಯಾವ ಹಸು ಬತ್ತಿತು ಅಂತ ಪ್ಯಾಕೆಟ್ಟು ಹೇಳಲ್ಲ.

ತರಕಾರಿಗೆ ಬರೋಣ. ಇನ್ನು ಕೆಲವೇ ದಿನಕ್ಕೆ ಚೈತ್ರ ಹುಣ್ಣಿಮೆ, ಕರಗ. ಧರ್ಮರಾಯಸ್ವಾಮಿ ದೇವಸ್ಥಾನದಿಂದ ರಾತ್ರಿ ಹೊರಟು, ಪೇಟೆ ಎಲ್ಲಾ ಸುತ್ತಿ, ಕಾಟನ್‌ಪೇಟೆಯ ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿ ಬರುತ್ತೆ. ಎಲ್ಲರೂ ಮಲ್ಲಿಗೆ ಹೊತ್ತ ಕರಗ ನೋಡ್ತಾರೆ. ನಾನು ಅದನ್ನ ತೋಟದವರ ಹಬ್ಬ ಅಂತ ನೋಡ್ತೀನಿ. ಕರಗ ಹೊರೋರು ತಿಗಳರು, ವಹ್ನಿಕುಲ ಕ್ಷತ್ರಿಯರು. ಬೆಂಗಳೂರಿಗೆ ಸೊಪ್ಪು, ತರಕಾರಿ, ಹೂವು ಬೆಳೆದು ಕೊಟ್ಟವರು. ಹೈದರಾಲಿ 1760ರ ಸುಮಾರಿಗೆ ಲಾಲ್‌ಬಾಗ್ ಹಾಕಿಸಿದ ಮೇಲೆ ಅಲ್ಲಿಯ ಮಣ್ಣಿನ ಕೆಲಸದಲ್ಲೂ ಇವರ ಕೈ ಇದೆ. ಊರಿನ ಕೆರೆಗಳ ಕೆಳಗೆ ಇವರ ತೋಟ. ಮಣ್ಣನ್ನ ಸಣ್ಣ ಸಣ್ಣ ಮಡಿ ಮಾಡಿ, ಬಾವಿಗೆ ಏತ ಇಲ್ಲ ಕಪಿಲೆ ಹೂಡಿ, ನೀರನ್ನ ಕೈಯಲ್ಲಿ ಅಳೆದ ಹಾಗೆ ಬಿಡೋರು. ಕಪಿಲೆ ಅಂದರೆ ಚರ್ಮದ ದೊಡ್ಡ ಬಾನಿ, ಎತ್ತು ಇಳಿಜಾರಿನಲ್ಲಿ ಹೋಗ್ತಾ ಎಳೀಬೇಕು. ನಮ್ಮ ತಾತ ಹೊಡೆದದ್ದು ನೋಡಿದೀನಿ. ಬೆಳಗಿಂದ ಮಧ್ಯಾಹ್ನದವರೆಗೆ ಹೊಡೆದರೆ ಹತ್ತು ಗುಂಟೆ ನೆನೆಯೋದು ಕಷ್ಟ. ಅದಕ್ಕೇ ಆಗ ಬೇಸಿಗೆಯಲ್ಲಿ ಯಾರೂ ಎಕರೆಗಟ್ಟಲೆ ತರಕಾರಿ ಇಡ್ತಿರಲಿಲ್ಲ, ದಂಟು ಕೀರೆ ಎರಡು ಮಡಿ ಉಳಿಸ್ಕೊಂಡರೆ ಗೆದ್ದ ಹಾಗೆ.

ಕಂಟೋನ್ಮೆಂಟ್ 1809ರಲ್ಲಿ ಆದ ಮೇಲೆ ದೊರೆಗಳಿಗೆ ಬೇಕಾದ ಎಲೆಕೋಸು, ಕ್ಯಾರೆಟ್ಟು, ಬೀನ್ಸು ಬೆಳೆಯೋದು ಹೆಚ್ಚಾಯ್ತು. ಲಾಲ್‌ಬಾಗಿನ ಸೂಪರಿಂಟೆಂಡೆಂಟ್ ಆಗಿದ್ದ ಜಾನ್ ಕ್ಯಾಮರೂನ್ 19ನೇ ಶತಮಾನದ ಕೊನೆಯಲ್ಲಿ ಸೀಮೆಬದನೆ ತರಿಸಿ ಹಬ್ಬಿಸಿದರು. ಅದು ಎಷ್ಟು ಬೆಳೀತು ಅಂದರೆ ತಮಿಳರೂ ತೆಲುಗರೂ ಅದಕ್ಕೆ ಬೆಂಗಳೂರು ಬದನೆ ಅಂತಲೇ ಕರೀತಾರೆ. ನಾವು ಮಾತ್ರ ಸೀಮೆಯದು ಅಂತೀವಿ! ಬಸವನಗುಡಿಯ ಮನೆಗಳು ಈ ಸೀಮೆ ತರಕಾರೀನ ದಿನಕ್ಕೆ ಒಪ್ಕೊಂಡವು, ತಿಥಿಗೆ ಒಪ್ಪಲಿಲ್ಲ. ಈಗಲೂ ನನಗೆ ಫೋನ್ ಬರುತ್ತೆ, "ಗೌಡ್ರೇ, ಗುರುವಾರ ನಮ್ಮಲ್ಲಿ ತಿಥಿ, ಕೋಸು ಬೀನ್ಸು ಬೇಡ, ಗೋರಿಕಾಯಿ, ಹಾಗಲ, ಬಾಳೆಕಾಯಿ ಹಾಕಿ" ಅಂತ. ನೋಡಿದರೆ ಈ ತಿಥಿ ಪಟ್ಟಿಯ ತರಕಾರಿ ಎಲ್ಲಾ ಬಿಸಿಲು ತಡೆಯೋವೇ. ಗೋರಿಕಾಯಿಯಂಥದ್ದು ಕಡಿಮೆ ನೀರಿನಲ್ಲೂ ಬರುತ್ತೆ. ಶಾಸ್ತ್ರಿಗಳು ಬೇರೆ ಕಾರಣ ಹೇಳಬಹುದು, ನನಗೆ ಕಾಣೋದು ಇದು.

ಬೇಸಿಗೆಗೆ ಹಳೇ ಮನೆಗಳು ತಯಾರಾಗಿರ್ತಿದ್ದವು ಅನ್ನೋದಕ್ಕೆ ಮಾಳಿಗೆ ಸಾಕ್ಷಿ. ಬೂದುಗುಂಬಳದ ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ, ಒಣಗಿಸಿದ ಗೋರಿಕಾಯಿ, ಹಪ್ಪಳ. ತರಕಾರಿ ಇಲ್ಲದ ದಿನಕ್ಕೆ ಗೊಜ್ಜು, ತಂಬುಳಿ, ಮಾವಿನಕಾಯಿ ಚಿತ್ರಾನ್ನ. ಬಿಸಿಲು ಜಾಸ್ತಿ ಆದಾಗ ಅದನ್ನೇ ಕೆಲಸಕ್ಕೆ ಹಚ್ಚಿದರು.

ಮಾರುಕಟ್ಟೆ ಕಥೆ ಚಿಕ್ಕದಾಗಿ ಹೇಳಿಬಿಡ್ತೀನಿ. ನಮ್ಮ ತಾತ ಸಂಜೆ ಗಾಡಿ ಕಟ್ಟಿದರೆ ಬೆಳಕು ಹರಿಯೋ ಹೊತ್ತಿಗೆ ಸಿಟಿ ಮಾರ್ಕೆಟ್ಟು. ಕೃಷ್ಣರಾಜೇಂದ್ರ ಮಾರುಕಟ್ಟೆ ಅಂತ 1928ರಲ್ಲಿ ಆದದ್ದು. ಅದಕ್ಕೆ ಮುಂಚೆ ಅದು ಸಿದ್ದಿಕಟ್ಟೆ, ಅಂದರೆ ನೀರು ನಿಲ್ಲೋ ಕಟ್ಟೆ. ರೈತರೇ ಸೇರಿ ಮಾರೋ ಪ್ರಯತ್ನ 1959ರಲ್ಲಿ ಆಯ್ತು. ತೋಟಗಾರಿಕೆಯ ಎಂ.ಎಚ್. ಮರಿಗೌಡರು ಬೆಂಗಳೂರು ಸುತ್ತಿನ ದ್ರಾಕ್ಷಿ ಬೆಳೆಗಾರರನ್ನ ಸೇರಿಸಿ ಸಂಘ ಮಾಡಿಸಿದರು, ಅದೇ ಮುಂದೆ ಹಾಪ್‌ಕಾಮ್ಸ್. ಬೀದಿ ಮೂಲೆಯ ಆ ಹಸಿರು ಮಳಿಗೆ ನಮ್ಮಪ್ಪನಿಗೆ ದೇವಸ್ಥಾನ ಇದ್ದ ಹಾಗಿತ್ತು, ತೂಕದಲ್ಲಿ ಮೋಸ ಇಲ್ಲ ಅಂತ.

ಸಿದ್ದಿಕಟ್ಟೆ ಒಂದೇ ಅಲ್ಲ. ಧರ್ಮಾಂಬುಧಿ ಕೆರೆ ಈಗ ಮೆಜೆಸ್ಟಿಕ್ ಬಸ್ ನಿಲ್ದಾಣ. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣ. ಕರಗದ ಶಾಸ್ತ್ರಕ್ಕೆ ಬೇಕು ಅಂತ ಸಂಪಂಗಿಯಲ್ಲಿ ಒಂದು ಸಣ್ಣ ಕೊಳ ಉಳಿದಿದೆ. ನಾನು ಅದನ್ನ ಹೋಗಿ ನೋಡಿ ಬಂದೆ. ಒಂದು ಕಾಲದಲ್ಲಿ ಕಂಟೋನ್ಮೆಂಟಿಗೇ ನೀರು ಕೊಟ್ಟ ಕೆರೆ. ಕೆರೆ ಹೇಗೆ ಹೋಯ್ತು ಅಂದರೆ ಯಾರೋ ಕದ್ದದ್ದಲ್ಲ, ಮೊದಲು ಬೇಡವಾಯ್ತು. 1896ರ ಹೊತ್ತಿಗೆ ಹೆಸರಘಟ್ಟದಿಂದ ನಲ್ಲಿ ನೀರು ಬಂತು. ಊರಿನವರಿಗೆ ಕುಡಿಯೋಕೆ ಕೆರೆ ಬೇಡ. ಬೇಕಾಗಿದ್ದು ಕೆಳಗಿನ ತೋಟದವರಿಗೆ ಮಾತ್ರ. ತೋಟದವನ ಮಾತು ಎಷ್ಟು ದಿನ ನಡೆಯುತ್ತೆ? 1933ರಲ್ಲಿ ತಿಪ್ಪಗೊಂಡನಹಳ್ಳಿ ಬಂತು. ಆಮೇಲೆ 1974ರಲ್ಲಿ ಕಾವೇರಿ.

ಈ ಕಾವೇರಿ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ನೀರು ಪಂಪು ಮಾಡ್ತಾರೆ. ಅಲ್ಲಿಂದ ಹಾರೋಹಳ್ಳಿ, ಅಲ್ಲಿಂದ ತಾತಗುಣಿ, ಆಮೇಲೆ ಊರು. ಸುಮಾರು 500 ಮೀಟರ್ ಎತ್ತರ ಹತ್ತಿಸಬೇಕು. ಅಂದರೆ ಒಳ್ಳೇ ನೀರು ನಮ್ಮ ರಾಮನಗರ ಕಡೆಯ ಹೊಲಗಳ ಪಕ್ಕದಲ್ಲೇ ಪೈಪಿನೊಳಗೆ ಸದ್ದಿಲ್ಲದೆ ಬೆಂಗಳೂರಿಗೆ ಹೋಗುತ್ತೆ. ಹೋದ ನೀರು ಸ್ನಾನ, ಬಚ್ಚಲು, ಕಾರ್ಖಾನೆ ಎಲ್ಲಾ ಮುಗಿಸಿ ಹೊರಗೆ ಬರಲೇಬೇಕಲ್ಲ. ಬರೋ ದಾರಿ ವೃಷಭಾವತಿ.

ವೃಷಭ ಅಂದರೆ ಬಸವ. ದೊಡ್ಡ ಬಸವಣ್ಣನ ಪಾದದ ಹತ್ತಿರ ಹುಟ್ಟುತ್ತೆ ಅಂತ ನಂಬಿಕೆ, ಅದಕ್ಕೇ ಆ ಹೆಸರು. ಮಲ್ಲೇಶ್ವರದವರು ಬಿಡ್ತಾರಾ, ಕಾಡುಮಲ್ಲೇಶ್ವರನ ಎದುರು 1997ರಲ್ಲಿ ಮಣ್ಣು ಅಗೆದಾಗ ಸಿಕ್ಕ ನಂದಿತೀರ್ಥವೇ ಮೂಲ ಅಂತಾರೆ, ಅಲ್ಲೂ ನಂದಿಯ ಬಾಯಿಂದ ನೀರು ಬೀಳುತ್ತೆ. ಯಾರ ಮಾತು ಹಿಡಿದರೂ ಸರಿ, ನಾನು ಹಾಲು ತರಕಾರಿ ಹಾಕೋ ಬೀದಿಗಳ ನೀರೇ ಅದು. ಗವಿಪುರದ ಕೆಂಪಾಂಬುಧಿ ಕೆರೆ ಕೆಂಪೇಗೌಡರ ಕಾಲದ್ದು ಅಂತಾರೆ, ಅದರ ಕೋಡಿಯೂ ಆ ಕಡೆಗೇ. ಅಲ್ಲಿಂದ ಮೈಸೂರು ರಸ್ತೆ ಪಕ್ಕ, ಗಾಳಿ ಆಂಜನೇಯನ ಮುಂದೆ, ಕೆಂಗೇರಿ ದಾಟಿ ಬಿಡದಿ ಹತ್ತಿರ ಬೈರಮಂಗಲ ಕೆರೆಗೆ. ಅಲ್ಲಿಂದ ಮುಂದೆ ಅರ್ಕಾವತಿ, ಅರ್ಕಾವತಿ ಸಂಗಮದಲ್ಲಿ ಕಾವೇರಿ.

ಬೈರಮಂಗಲ ಕೆರೆ ಕಟ್ಟಿದ್ದು 1940ರ ದಶಕದಲ್ಲಿ, ಭತ್ತಕ್ಕೆ ರಾಗಿಗೆ ನೀರಾಗಲಿ ಅಂತ. ನಮ್ಮಪ್ಪ ಆ ಹೊಳೆಯಲ್ಲಿ ಈಜಿದವರು. ಬೇಸಿಗೆಯಲ್ಲಿ ಹೊಳೆ ಒಣಗಿ ಮರಳು ಕಾಣ್ತಿತ್ತು, ಮರಳಲ್ಲಿ ಒರತೆ ತೋಡಿ ಕುಡೀತಿದ್ವಿ ಅನ್ನೋರು. ಕಾವೇರಿ ಊರಿಗೆ ಹೆಚ್ಚು ಹೆಚ್ಚು ಬಂದ ಹಾಗೆ ಹೊಳೆ ಒಣಗೋದು ನಿಂತಿತು. ನನಗೆ ನೆನಪಿರೋ ಹೊಳೆ ಕಪ್ಪು. ಮೊದಮೊದಲು ರೈತರಿಗೆ ಖುಷಿಯೇ, ವರ್ಷ ಪೂರ್ತಿ ನೀರು, ಗೊಬ್ಬರದ ಖರ್ಚೂ ಕಡಿಮೆ. ಆಮೇಲೆ ಭತ್ತ ಜೊಳ್ಳು ಬಿತ್ತು, ಕಾಲಿಗೆ ಕಡಿತ ಬಂತು, ಬಾವಿ ನೀರು ಬಣ್ಣ ತಿರುಗಿತು. ಊಟದ ಬೆಳೆ ಬಿಟ್ಟು ಜನ ಸೀಮೆಹುಲ್ಲು, ಬೇಬಿ ಕಾರ್ನ್, ಹಿಪ್ಪುನೇರಳೆಗೆ ಹೋದರು. ಹುಲ್ಲು ಹಸುವಿಗೆ, ಹಸುವಿನ ಹಾಲು ಊರಿಗೆ.

ನಗರದ ಹೊಲಸು ಹೊಲಕ್ಕೆ ಬರಲೇಬಾರದು ಅಂತ ನಾನು ಹೇಳ್ತಿಲ್ಲ. ಬರೋದಕ್ಕೆ ಒಂದು ಕ್ರಮ ಇತ್ತು, ಅದೂ ಬೆಂಗಳೂರಿನದ್ದೇ. 1939ರಲ್ಲಿ ಇಲ್ಲಿಯ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಮಲ್ಲೇಶ್ವರದ ಪಕ್ಕದ ವಿಜ್ಞಾನ ಸಂಸ್ಥೆಯಲ್ಲಿ, ಸಿ.ಎನ್. ಆಚಾರ್ಯ ಅನ್ನೋರು ಊರಿನ ಕಸ, ಮಲ ಎರಡನ್ನೂ ಗೊಬ್ಬರ ಮಾಡೋ ವಿಧಾನ ತಯಾರು ಮಾಡಿದರು. ಗುಂಡಿ ತೋಡಿ ಒಂದು ಪದರ ಕಸ, ಒಂದು ಪದರ ಮಲ ಅಥವಾ ಸಗಣಿ, ಹೀಗೆ ತುಂಬಿ ಮೇಲೆ ಮಣ್ಣು ಮೆತ್ತಿ ಮುಚ್ಚಿಬಿಡೋದು. ತಿರುವಿ ಹಾಕೋ ಕೆಲಸ ಇಲ್ಲ, ನೀರು ಹುಯ್ಯೋದು ಇಲ್ಲ. ಮೊದಲ ದಿನಗಳ ಕಾವಿಗೆ ರೋಗದ ಹುಳ ಸಾಯುತ್ತೆ, ಏಳೆಂಟು ತಿಂಗಳಿಗೆ ಗೊಬ್ಬರ. ಪ್ರಪಂಚದ ಕೃಷಿ ಪುಸ್ತಕಗಳಲ್ಲೆಲ್ಲ ಇದಕ್ಕೆ ಬೆಂಗಳೂರು ವಿಧಾನ ಅಂತ ಹೆಸರು. ನಾನು ಸಗಣಿ, ಹುಲ್ಲು, ಎಲೆಯಲ್ಲಿ ಅದನ್ನೇ ಮಾಡ್ತೀನಿ, ಬೇಸಿಗೆಯಲ್ಲಿ ನೀರಿಲ್ಲದಾಗ ಈ ವಿಧಾನವೇ ಅನುಕೂಲ. ನಿಮ್ಮ ಮನೆಗಳಿಂದ ಗಾಡಿಯಲ್ಲಿ ವಾಪಸ್ ತರೋ ಸಿಪ್ಪೆ ಹೋಗೋದೂ ಆ ಗುಂಡಿಗೇ. ಈ ಕಾಲದ ಕಲಗಚ್ಚು ಅನ್ಕೊಳ್ಳಿ. ಆದರೆ ನಾಲೆಯ ನೀರಲ್ಲಿ ಮಲ ಒಂದೇ ಇಲ್ಲ. ಬಣ್ಣ, ಎಣ್ಣೆ, ಆಸಿಡ್ಡು, ಸೀಸದಂಥ ಲೋಹ, ಇವು ಯಾವ ಗುಂಡಿಯಲ್ಲೂ ಕೊಳೆಯಲ್ಲ. ಸೊಪ್ಪು ಅದನ್ನ ಸುಮ್ಮನೆ ಕುಡ್ಕೊಂಡು ಹಸಿರಾಗಿ ನಿಲ್ಲುತ್ತೆ. ನೋಡೋಕೆ ನನ್ನ ಸೊಪ್ಪಿಗಿಂತ ಚೆನ್ನಾಗಿರುತ್ತೆ ಬೇರೆ.

ಅದಕ್ಕೇ ತಮ್ಮನ ಪೈಪು ಎಳೆಯಲಿಲ್ಲ. ಅವನು ಸ್ವಲ್ಪ ಮುನಿಸ್ಕೊಂಡಿದಾನೆ. "ಊರೋರು ಕಳಿಸಿದ್ದನ್ನ ಊರೋರಿಗೆ ವಾಪಸ್ ಕೊಟ್ರೆ ನಿಂಗೇನಣ್ಣ ಪಾಪ?" ಅಂದ. ಅದಕ್ಕೆ ನನ್ನ ಹತ್ರ ಚುರುಕಾದ ಉತ್ತರ ಇರಲಿಲ್ಲ. ಅವನ ಮನೆ ನಡೀತಿರೋದೇ ಆ ನೀರಿನ ಹುಲ್ಲಿನಿಂದ. ನನ್ನ ಹಾಗೆ ಮುಂಗಡ ದುಡ್ಡು ಕೊಡೋ 38 ಮನೆ ಅವನಿಗಿಲ್ಲ.

ಇನ್ನೊಂದು ಹೇಳಬೇಕು, ಇದನ್ನ ಬರೆಯೋಕೇ ಎರಡು ದಿನ ಹಿಂದೆ ಮುಂದೆ ನೋಡಿದೆ. ಮಾರ್ಚಿನಲ್ಲಿ ಹದಿನೈದು ದಿನ ನನ್ನ ಹಸುಗಳಿಗೆ ಹಾಕಿದ ಹಸಿಹುಲ್ಲು ನಾಲೆ ಕೆಳಗಿನದ್ದೇ. ತಮ್ಮನ ಹತ್ರ ಹೊರೆ ಲೆಕ್ಕದಲ್ಲಿ ತಗೊಂಡೆ. ನನ್ನ ಹುಲ್ಲಿನ ಮಡಿ ಒಣಗಿತ್ತು, ಮೆದೆಯ ರಾಗಿಹುಲ್ಲು ಜೂನ್‌ವರೆಗೆ ಬರಲ್ಲ ಅಂತ ಭಯ ಆಯ್ತು. ನೀರೇ ಬಿಡಲ್ಲ ಅನ್ನೋನು ಆ ನೀರಿನ ಹುಲ್ಲು ಹಾಕಿದ್ದು ಹೇಗೆ ಅಂತ ನೀವು ಕೇಳಬಹುದು. ನನ್ನ ಹೆಂಡತಿ ನಿಮಗಿಂತ ಮುಂಚೆ ಕೇಳಿದಳು. ಆಗ ಯಾರಿಗೂ ಹೇಳಿರಲಿಲ್ಲ. ಈಗ ನಿಲ್ಲಿಸಿದೀನಿ. ಒಣ ರಾಗಿಹುಲ್ಲು, ಹಿಂಡಿ, ಬೂಸ, ಬದುವಿನ ಹೊಂಗೆ ಪಕ್ಕದ ಅಗಸೆ ಸೊಪ್ಪು, ಇಷ್ಟರಲ್ಲೇ ನಡೀತಿದೆ. ಹಾಲು ಕಾಲು ಭಾಗ ಇಳಿದದ್ದು ಇದರಿಂದಾನೇ, ಬಿಸಿಲಿಂದ ಮಾತ್ರ ಅಲ್ಲ. ಆ ಹದಿನೈದು ದಿನದ ಹಾಲಿನ ದುಡ್ಡು ಯಾರಿಗೆ ವಾಪಸ್ ಬೇಕೋ ಅವರಿಗೆ ಕೊಡ್ತೀನಿ, ಸಂಕೋಚ ಬೇಡ, ಕೇಳಿ.

ಒಂದು ಹಸು ಬತ್ತಿಸೋಕೆ ಬಿಟ್ಟಿದೀನಿ, ಜೂನ್ ಕೊನೆಗೆ ಈಯುತ್ತೆ. ಹೊಸ ಬೋರು ಕೊರೆಸು ಅಂತ ಮಗ ಹೇಳ್ತಾನೆ. ಸಾವಿರ ಅಡಿ ಹೋದರೂ ನೀರು ಗ್ಯಾರಂಟಿ ಇಲ್ಲ, ಸಾಲ ಮಾತ್ರ ಗ್ಯಾರಂಟಿ. ಬೇಡ ಅಂದೆ. ಸೌತೆ, ಟೊಮೆಟೊ ಮಡಿ ಕೈ ಬಿಟ್ಟೆ, ಇರೋ ಮುಕ್ಕಾಲು ಇಂಚು ನೀರನ್ನ ಡ್ರಿಪ್ಪಿನಲ್ಲಿ ಗೋರಿಕಾಯಿ, ಬೆಂಡೆ, ದಂಟಿಗೆ ಮಾತ್ರ ಬಿಡ್ತಿದೀನಿ. ಅಶ್ವಿನಿ ಮಳೆ ಹದಿಮೂರನೇ ತಾರೀಕಿನ ಹೊತ್ತಿಗೆ ಹುಟ್ಟುತ್ತೆ, ಭರಣಿ ತಿಂಗಳ ಕೊನೆಗೆ. ಭರಣಿಯಲ್ಲಿ ಒಂದು ಹದ ಬಿದ್ದರೆ ಮೇ ಕೊನೆಗೆ ಸೊಪ್ಪು ಚೇತರಿಸ್ಕೊಳ್ಳುತ್ತೆ.

ತಿಂಗಳ ದುಡ್ಡು ಅದೇ ಇರಲೋ, ಕಡಿಮೆ ಮಾಡಲೋ ಅನ್ನೋದು ನಿಮಗೆ ಬಿಟ್ಟಿದ್ದು. ಇಬ್ಬರು ಮೂವರು ಆಗಲೇ ಫೋನ್ ಮಾಡಿ ಹೊರಗಿಂದ ತಂದು ತುಂಬಿಸಿ ಕೊಡಿ ಪರವಾಗಿಲ್ಲ ಅಂದರು. ಅದು ಬೇಡ. ಮಾರ್ಕೆಟ್ಟಿನಿಂದ ತಂದರೆ ಅದು ಯಾವ ನಾಲೆ ಕೆಳಗಿನದ್ದೋ ನನಗೇ ಗೊತ್ತಿರಲ್ಲ. ಬೇಸಿಗೆ ಎರಡು ತಿಂಗಳು ಬುಟ್ಟಿ ಬಿಡ್ತೀವಿ ಅನ್ನೋರು ಬಿಡಬಹುದು, ಶ್ರಾವಣದಲ್ಲಿ ಬಂದರೆ ಕೊಡಲ್ಲ ಅಂತ ನಾನೇನೂ ಹೇಳಲ್ಲ. ಅಜ್ಜಿಗೆ ಮಾತ್ರ ಈ ಸಾಲು ಓದಿ ಹೇಳಬೇಡಿ.

ಈ ಶನಿವಾರದ ಬುಟ್ಟಿ: ನುಗ್ಗೆಕಾಯಿ ಆರು (ಈ ಬಿಸಿಲಿಗೆ ಖುಷಿಯಾಗಿರೋ ಮರ ಅದೊಂದೇ), ಗೋರಿಕಾಯಿ ಅರ್ಧ ಕೆಜಿ, ದಂಟು ಒಂದು ಕಟ್ಟು, ಬೆಂಡೆ ಕಾಲು ಕೆಜಿ, ಒಂದು ಬಾಳೆದಿಂಡು, ಮಾವಿನಕಾಯಿ ನಾಲ್ಕು, ಮೆದೆ ಮನೆಯಲ್ಲಿ ಕೂಡಿಟ್ಟಿದ್ದ ಬೂದುಗುಂಬಳ ಅರ್ಧ ಹೋಳು. ಸಂಡಿಗೆ ಇಡೋರು ಇದ್ದರೆ ಪೂರ್ತಿ ಕಾಯಿ ಕೊಡ್ತೀನಿ, ಹನ್ನೊಂದು ಉಳಿದಿದೆ. ಹುಣಸೆಹಣ್ಣು ಬಡಿದು ಆಗಿದೆ, ಬೀಜ ತೆಗೆದದ್ದು ಬೇಕಾದರೆ ಮುಂದಿನ ವಾರ.

ಗಾಡಿ ಮೊದಲು ಚಾಮರಾಜಪೇಟೆ, ಆರೂವರೆಗೆ. ಬಸವನಗುಡಿಗೆ ಏಳೂಕಾಲು, ಮಲ್ಲೇಶ್ವರಕ್ಕೆ ಎಂಟೂವರೆ ಆಗುತ್ತೆ. ಕರಗದ ಮಾರನೇ ದಿನ ಪೇಟೆ ಕಡೆ ರಸ್ತೆ ಬಂದ್ ಇರುತ್ತೆ, ಅವತ್ತು ಹಾಲು ತಡ. ಹೋದ ವಾರದ ಖಾಲಿ ಬುಟ್ಟಿ, ಸಿಪ್ಪೆ ಡಬ್ಬ ಬಾಗಿಲ ಹತ್ತಿರ ಇಟ್ಟಿರಿ.